ಅಟ್ಟದಲ್ಲಿ ಸಿಕ್ಕ ಪೈಲಟ್ ಟೋಪಿ: ಗುರುತಿಸುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ?

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿಮಾನಗಳಿಗೆ ವಾಯುಪಡೆ ವಿದಾಯ ಹೇಳಿತು. ಅದನ್ನು ಟಿವಿಯಲ್ಲಿ ನೋಡಿದ ಮೇಲೆ ‘ನಮ್ಮ ತಾತನ ಟ್ರಂಕಿನಲ್ಲೂ ಒಂದು ಪೈಲಟ್ ಟೋಪಿ ಇತ್ತಲ್ವಾ’ ಎಂದು ನೆನಪಿಸಿಕೊಂಡವರು ಹಲವರು. ಇತ್ತ ಮೈಸೂರಿನ ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಕಡೆ ಹಳೇ ಮನೆಗಳನ್ನು ಕೆಡವಿ ಹೊಸದಾಗಿ ಕಟ್ಟುತ್ತಿದ್ದಾರೆ. ಅಟ್ಟ ಖಾಲಿ ಮಾಡುವಾಗ ಹಿತ್ತಾಳೆ ಪಾತ್ರೆ, ಪಂಚಾಂಗದ ಕಟ್ಟುಗಳ ನಡುವೆ ಅಪರೂಪಕ್ಕೆ ಇಂಥದ್ದೂ ಸಿಗುತ್ತದೆ: ಕಂದು ಬಣ್ಣದ, ಕಿವಿ ಮುಚ್ಚುವ, ಗಲ್ಲದ ಕೆಳಗೆ ಪಟ್ಟಿ ಇರುವ ಚರ್ಮದ ಟೋಪಿ. ಕೂಡಲೇ ಮೂರು ಪ್ರಶ್ನೆ ಏಳುತ್ತವೆ. ಇದೇನು? ಅಸಲಿಯಾ? ಪಾಲಿಶ್ ಹಾಕಬಹುದಾ?

ಮೂರನೆಯದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಬೇಡ. ಪಾಲಿಶ್ ಬೇಡ, ಕೊಬ್ಬರಿ ಎಣ್ಣೆ ಬೇಡ, ಒದ್ದೆ ಬಟ್ಟೆಯೂ ಬೇಡ. ಎಂಬತ್ತು ವರ್ಷ ಉಳಿದು ಬಂದ ಟೋಪಿ ಹಾಳಾಗುವುದು ಜಾಸ್ತಿ ಸಲ ಅಟ್ಟದಿಂದ ಇಳಿದ ಮೊದಲ ವಾರದಲ್ಲೇ, ಅದೂ ಪ್ರೀತಿಯಿಂದ ಒರೆಸಿ ಹೊಳಪು ಕೊಡಲು ಹೋದಾಗ. ಕೊಳೆ ಎಂದು ನಾವು ಒರೆಸಿ ಹಾಕುವುದರಲ್ಲಿ ಮಾಸಿದ ಮುದ್ರೆ, ಪೆನ್ನಿನಲ್ಲಿ ಬರೆದ ಹೆಸರು, ಗಾಗಲ್ ಪಟ್ಟಿ ಕೂತು ಬಿದ್ದ ಗುರುತು ಎಲ್ಲ ಸೇರಿರುತ್ತವೆ. ಟೋಪಿ ಯಾರದು, ಯಾವ ಕಾಲದ್ದು ಎಂದು ಹೇಳುವ ಸಾಕ್ಷಿ ಅವೇ.

ಇಂಥ ಟೋಪಿ ಯಾಕೆ ಬೇಕಿತ್ತು?

ಹೆಲ್ಮೆಟ್ ಎಂದ ಕೂಡಲೇ ತಲೆಗೆ ಪೆಟ್ಟು ಬೀಳದಂತೆ ಕಾಪಾಡುವುದು ಎಂದುಕೊಳ್ಳುತ್ತೇವೆ. ಈ ಚರ್ಮದ ಟೋಪಿಗೆ ಆ ಶಕ್ತಿ ಇಲ್ಲ. ಇದರ ಕೆಲಸ ಬೇರೆ.

ಮೊದಲ ಕಾಲದ ವಿಮಾನಗಳಲ್ಲಿ ಪೈಲಟ್ ಕೂರುವ ಜಾಗಕ್ಕೆ ಮುಚ್ಚಳ ಇರಲಿಲ್ಲ. ಎದುರುಗಾಳಿ ನೇರವಾಗಿ ಮುಖಕ್ಕೆ ಬಡಿಯುತ್ತಿತ್ತು. ಮೇಲೇರಿದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಶಾಖ ಇಳಿಯುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿಂದ ಹೊರಟು ಮೂರು ಸಾವಿರ ಮೀಟರ್ ಮುಟ್ಟಿದರೆ ಊರಿನ ಬಿಸಿಲಿಗಿಂತ ಹದಿನಾಲ್ಕು ಡಿಗ್ರಿಯಷ್ಟು ಕಡಿಮೆ. ಅದರ ಮೇಲೆ ಗಾಳಿಯ ಹೊಡೆತ, ಎಂಜಿನ್ನಿನ ಗದ್ದಲ, ಹಾರಿಬರುವ ಎಣ್ಣೆಯ ಹನಿ.

ಮುಂದೆ ವಿಮಾನಕ್ಕೆ ರೇಡಿಯೊ ಬಂದಾಗ ಟೋಪಿಗೆ ಇನ್ನೂ ದೊಡ್ಡ ಕೆಲಸ ಸಿಕ್ಕಿತು. ಇಯರ್‌ಫೋನನ್ನು ಕಿವಿಗೆ ಅಂಟಿದಂತೆ ಹಿಡಿಯುವುದು, ಆಮ್ಲಜನಕದ ಮಾಸ್ಕನ್ನು ಮುಖಕ್ಕೆ ಬಿಗಿಯುವುದು, ಗಾಗಲ್ ಜಾರದಂತೆ ನೋಡಿಕೊಳ್ಳುವುದು. ಕಾಕ್‌ಪಿಟ್‌ಗೆ ಮುಚ್ಚಳ ಬಂದ ಮೇಲೂ ಚರ್ಮದ ಟೋಪಿ ಉಳಿದದ್ದು ಇದಕ್ಕೇ. ಜೆಟ್ ವಿಮಾನ ಬಂದು, ತಲೆಗೆ ಪೆಟ್ಟು ಬೀಳುವ ಸಂಭವ ಹೆಚ್ಚಿದ ಮೇಲೆ ಗಟ್ಟಿ ಚಿಪ್ಪಿನ ಹೆಲ್ಮೆಟ್ ಬಂತು. ಆಗಲೂ ಚರ್ಮ ಪೂರ್ತಿ ಹೋಗಲಿಲ್ಲ. ರಷ್ಯದ ಜೆಟ್ ಪೈಲಟ್‌ಗಳು ಬಳಸಿದ ಒಂದು ಗಟ್ಟಿ ಹೆಲ್ಮೆಟ್ಟಿನ ಒಳಗೆ ಇಯರ್‌ಫೋನ್ ಕೂರಿಸಿದ ಚರ್ಮದ ಟೋಪಿಯೇ ಇರುತ್ತಿತ್ತು.

ನಮ್ಮ ಕಡೆಗೆ ಹೇಗೆ ಬಂತು?

ಭಾರತೀಯ ವಾಯುಪಡೆ ಶುರುವಾಗಿದ್ದು 1932ರ ಅಕ್ಟೋಬರ್ 8ರಂದು, ಬ್ರಿಟಿಷರ ಕೈಕೆಳಗೆ. ಹಾಗಾಗಿ ಉಡುಪು, ಟೋಪಿ, ಗಾಗಲ್ ಎಲ್ಲ ಬ್ರಿಟಿಷ್ ಮಾದರಿಯವು. ಸ್ವಾತಂತ್ರ್ಯದ ನಂತರವೂ ಆ ಸರಕು ಎಷ್ಟೋ ವರ್ಷ ಓಡಿತು.

ಮೈಸೂರು ಸಂಸ್ಥಾನಕ್ಕೂ ವಿಮಾನಕ್ಕೂ ನಂಟು ಹಳೆಯದು. ಮಂಡಕಳ್ಳಿಯ ವಿಮಾನ ನಿಲ್ದಾಣ 1940ರಲ್ಲಿ ಸಂಸ್ಥಾನವೇ ಮಾಡಿಸಿದ್ದು. ಅದೇ ವರ್ಷ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭಿಸಿದಾಗ ಮೈಸೂರು ಸರ್ಕಾರ ಅದರಲ್ಲಿ ಪಾಲು ಹಾಕಿತು. ಇವತ್ತಿನ ಎಚ್‌ಎಎಲ್ ಅದೇ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1943ರಲ್ಲಿ, ಆ ಕಾರ್ಖಾನೆ ಅಮೆರಿಕನ್ ಸೇನೆಯ ಕೈಗೆ ಹೋಗಿ ಅವರ ವಿಮಾನಗಳನ್ನು ರಿಪೇರಿ ಮಾಡುವ ದೊಡ್ಡ ಡಿಪೋ ಆಯಿತು. ಆದ್ದರಿಂದ ನಮ್ಮ ಕಡೆಯ ಟ್ರಂಕಿನಲ್ಲಿ ಬ್ರಿಟಿಷ್ ಟೋಪಿ ಇದ್ದಂತೆ ಅಮೆರಿಕನ್ ಟೋಪಿ ಸಿಕ್ಕರೂ ಆಶ್ಚರ್ಯಪಡಬೇಕಿಲ್ಲ.

ಇನ್ನೊಂದು ದಾರಿ ಮಿಲಿಟರಿ ಡಿಸ್ಪೋಸಲ್. ಯುದ್ಧ ಮುಗಿದ ಮೇಲೆ ಉಳಿದ ಸರಕನ್ನು ಹರಾಜು ಹಾಕಿದರು. ಕೋಟು, ಬೂಟು, ನೀರಿನ ಬಾಟಲಿಗಳಂತೆ ಟೋಪಿಗಳೂ ಪೇಟೆಗೆ ಬಂದವು. ಹಾಗಾಗಿ ಮನೆಯಲ್ಲಿ ಟೋಪಿ ಇದೆ ಎಂದ ಮಾತ್ರಕ್ಕೆ ತಾತ ಪೈಲಟ್ ಆಗಿದ್ದರು ಎಂದು ತೀರ್ಮಾನಿಸಬೇಡಿ. ಚಳಿಗೆ ಬೈಕ್ ಓಡಿಸಲು ಕೊಂಡಿರಲೂಬಹುದು.

ಮೊದಲು ಕಿವಿ ನೋಡಿ

ಟೋಪಿಯ ಕಾಲ ಮತ್ತು ದೇಶ ಹೇಳುವುದು ಮುಖ್ಯವಾಗಿ ಅದರ ಕಿವಿ. ಟೋಪಿಯನ್ನು ತಲೆಗೆ ಹಾಕಿಕೊಳ್ಳಬೇಡಿ, ಎಳೆದು ಅಗಲಿಸಬೇಡಿ. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲಿಟ್ಟು, ಕಿಟಕಿಯ ಬೆಳಕಿನಲ್ಲಿ ಸುತ್ತಲೂ ನೋಡಿ.

ಕಿವಿಯ ಜಾಗದಲ್ಲಿ ಸುಮ್ನೆ ಮಡಚುವ ಚರ್ಮದ ರೆಕ್ಕೆ ಮಾತ್ರ ಇದ್ದು, ಏನನ್ನೂ ಕೂರಿಸುವ ವ್ಯವಸ್ಥೆ ಇಲ್ಲದಿದ್ದರೆ ಅದು ರೇಡಿಯೊಗಿಂತ ಹಿಂದಿನ ಮಾದರಿ ಇರಬಹುದು. ಮೋಟಾರ್‌ಸೈಕಲ್ ಅಥವಾ ತೆರೆದ ಕಾರಿನ ಸವಾರರ ಟೋಪಿಯೂ ಇರಬಹುದು. ಇವೆರಡನ್ನು ಬೇರೆ ಮಾಡಿ ಹೇಳುವುದು ಮುದ್ರೆ ಇಲ್ಲದಿದ್ದರೆ ಕಷ್ಟ.

ಕಿವಿಯ ಹತ್ತಿರ ಸಣ್ಣ ಲೋಹದ ಕೊಳವೆ ಹೊರಗೆ ಚಾಚಿಕೊಂಡಿದೆಯೇ? ಹಾಗಿದ್ದರೆ ಅದು ತರಬೇತಿಯ ಟೋಪಿ. ಗಾಸ್ಪೋರ್ಟ್ ಟ್ಯೂಬ್ ಎಂಬ ರಬ್ಬರ್ ನಳಿಗೆಯನ್ನು ಅದಕ್ಕೆ ಸಿಕ್ಕಿಸುತ್ತಿದ್ದರು. ಒಂದು ಸೀಟಿನಲ್ಲಿ ಕೂತ ಗುರು ನಳಿಗೆಯ ತುದಿಗೆ ಬಾಯಿಟ್ಟು ಮಾತಾಡಿದರೆ ಇನ್ನೊಂದು ಸೀಟಿನ ಶಿಷ್ಯನ ಕಿವಿಗೆ ಕೇಳುತ್ತಿತ್ತು. ಕರೆಂಟೂ ಬೇಡ, ಬ್ಯಾಟರಿಯೂ ಬೇಡ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಗಾಸ್ಪೋರ್ಟ್ ತರಬೇತಿ ಶಾಲೆಯಲ್ಲಿ ಹುಟ್ಟಿದ ಈ ಉಪಾಯ ಟೈಗರ್ ಮಾತ್ ವಿಮಾನಗಳಲ್ಲೂ ಮುಂದುವರಿಯಿತು. ನಮ್ಮ ದೇಶದ ಎಷ್ಟೋ ಪೈಲಟ್‌ಗಳು ಹಾರಾಟ ಕಲಿತದ್ದು ಟೈಗರ್ ಮಾತ್‌ನಲ್ಲೇ.

ಕಿವಿಯ ಮೇಲೆ ದಪ್ಪನೆಯ ಚರ್ಮದ ಉಬ್ಬು ಇದ್ದು, ಅದಕ್ಕೆ ಜಿಪ್ ಇದ್ದರೆ ಅದು ಬ್ರಿಟಿಷರ ‘ಬಿ’ ಮಾದರಿ. 1930ರ ದಶಕದ ಮಧ್ಯದಲ್ಲಿ ಬಂದದ್ದು. 1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಜರ್ಮನ್ನರ ಜೊತೆ ಕಾದಾಡಿದ ಪೈಲಟ್‌ಗಳ ಫೋಟೊಗಳಲ್ಲಿ ಕಾಣುವುದು ಬಹುಪಾಲು ಇದೇ. ಜಿಪ್ ತೆಗೆದು ಒಳಗೆ ಇಯರ್‌ಫೋನ್ ಕೂರಿಸುತ್ತಿದ್ದರು.

ಚರ್ಮದ ಉಬ್ಬಿನ ಬದಲು ಕಪ್ಪು ರಬ್ಬರಿನ ಬಟ್ಟಲು ಇದ್ದರೆ ಅದು 1941ರಲ್ಲಿ ಬಂದ ‘ಸಿ’ ಮಾದರಿ. ಇದರ ಗಲ್ಲದ ಪಟ್ಟಿಯನ್ನೂ ನೋಡಿ. ಮೊದಮೊದಲಿನವಕ್ಕೆ ಬಕಲ್ ಇರುವ ಚರ್ಮದ ಪಟ್ಟಿ, ಆಮೇಲಿನವಕ್ಕೆ ಎಲಾಸ್ಟಿಕ್. ಎರಡೂ ಮಾದರಿಯ ಒಳಗೆ ಶಾಮಿ ಚರ್ಮದ ಅಸ್ತರು ಇರುತ್ತದೆ. ಕಾರು ಒರೆಸಲು ಬಳಸುತ್ತಾರಲ್ಲ, ಆ ಮೆತ್ತನೆಯ ಹಳದಿ ಚರ್ಮ.

ಬಟ್ಟೆಯ ಟೋಪಿ ಸಿಕ್ಕರೆ ಅದನ್ನು ಕಡೆಗಣಿಸಬೇಡಿ. ಸೆಕೆ ನಾಡಿಗೆಂದೇ ಬ್ರಿಟಿಷರು ಖಾಕಿ ಬಟ್ಟೆಯಲ್ಲಿ ‘ಡಿ’ ಮಾದರಿಯನ್ನೂ, ಗಾಳಿಯಾಡುವ ಹತ್ತಿ ಬಟ್ಟೆಯಲ್ಲಿ ‘ಇ’ ಮಾದರಿಯನ್ನೂ ಮಾಡಿಸಿದ್ದರು. ಬರ್ಮಾ ಯುದ್ಧದಲ್ಲಿ ಹಾರಿದವರ ಮನೆಯಲ್ಲಿ ಚರ್ಮಕ್ಕಿಂತ ಇವು ಸಿಗುವುದೇ ಹೆಚ್ಚು ಸಹಜ. ನೋಡಲು ಸಾಧಾರಣವಾಗಿರುವುದರಿಂದ ಗುಜರಿಗೆ ಹೋಗುವುದೂ ಇವೇ.

ಅಮೆರಿಕನ್ನರ ಚರ್ಮದ ಟೋಪಿಗಳಲ್ಲಿ ಹೆಸರಾದದ್ದು ‘ಎ-11’. ಇದಕ್ಕೂ ಶಾಮಿ ಅಸ್ತರು, ಇದಕ್ಕೂ ರಬ್ಬರ್ ಬಟ್ಟಲು. ಜರ್ಮನ್ ಟೋಪಿಗಳ ಹೆಸರಿನಲ್ಲೇ ಋತು ಅಡಗಿದೆ: ಚಳಿಗಾಲದ್ದಕ್ಕೆ ‘ಡಬ್ಲ್ಯೂ’, ಬೇಸಿಗೆಯದ್ದಕ್ಕೆ ‘ಎಸ್’, ಬಲೆಯಂಥದ್ದಕ್ಕೆ ‘ಎನ್’. ಗಂಟಲಿಗೆ ಒತ್ತಿ ಕೂರುವ ಮೈಕು ಅವುಗಳ ಗುರುತು. ನಮ್ಮ ಕಡೆ ಇವು ತೀರಾ ಅಪರೂಪ. ರಷ್ಯದ ಚರ್ಮದ ಟೋಪಿಗಳಲ್ಲಿ ರಷ್ಯನ್ ಲಿಪಿಯ ಮುದ್ರೆ ಇರುತ್ತದೆ. 1960ರ ದಶಕದಿಂದ ರಷ್ಯದ ವಿಮಾನಗಳ ಜೊತೆ ಆ ದೇಶದ ಸರಕೂ ಬಂತು. ಕಪ್ಪು ಬಟ್ಟೆಯ ಮೇಲೆ ಉದ್ದುದ್ದ ದಪ್ಪ ಮೆತ್ತೆಯ ಏಣುಗಳಿದ್ದರೆ ಅದು ಪೈಲಟ್ ಟೋಪಿಯೇ ಅಲ್ಲ, ರಷ್ಯದ ಟ್ಯಾಂಕ್ ಸಿಪಾಯಿಯದ್ದು.

ಒಳಗಿನ ಮುದ್ರೆ ಏನು ಹೇಳುತ್ತದೆ?

ಬ್ರಿಟಿಷ್ ಟೋಪಿಯ ಒಳಗೆ ಹೊಲಿದ ಚೀಟಿ ಇಲ್ಲವೇ ಶಾಯಿ ಮುದ್ರೆ ಇರಬೇಕು. ಎ, ಎಂ ಎಂಬ ಎರಡು ಇಂಗ್ಲಿಷ್ ಅಕ್ಷರ, ನಡುವೆ ಕಿರೀಟ ಕಂಡರೆ ಅದು ಏರ್ ಮಿನಿಸ್ಟ್ರಿಯ ಗುರುತು. 22ಸಿ ಎಂದು ಶುರುವಾಗುವ ಸಂಖ್ಯೆ ಇದ್ದರೆ ಅದು ಉಗ್ರಾಣದ ನಂಬರ್. ಬ್ರಿಟಿಷ್ ವಾಯುಪಡೆಯ ಲೆಕ್ಕದಲ್ಲಿ 22ಸಿ ಎಂದರೆ ಹಾರಾಟದ ಉಡುಪಿನ ವಿಭಾಗ. ಅಳತೆಯನ್ನು ಒಂದು, ಎರಡು, ಮೂರು ಎಂದು ಅಂಕೆಯಲ್ಲಿ ಕೊಡುತ್ತಿದ್ದರು. ಅಮೆರಿಕನ್ ಟೋಪಿಯಲ್ಲಾದರೆ ಸ್ಮಾಲ್, ಮೀಡಿಯಂ, ಲಾರ್ಜ್ ಎಂದೇ ಇರುತ್ತದೆ.

ಕಿರೀಟದ ಆಕಾರವೂ ಕಾಲ ಹೇಳುತ್ತದೆ. ಕಮಾನುಗಳು ದುಂಡಗೆ ಮೇಲೇರಿದ್ದರೆ ರಾಜನ ಕಾಲದ್ದು, ಅಂದರೆ 1952ಕ್ಕೆ ಮುಂಚಿನದು. ಕಮಾನು ನಡುವೆ ತಗ್ಗಾಗಿದ್ದರೆ ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದ ನಂತರದ್ದು. ಮೇಲ್ಮುಖವಾದ ಅಗಲ ಬಾಣದ ಗುರುತು ಸರ್ಕಾರಿ ಸ್ವತ್ತು ಎಂಬುದಕ್ಕೆ. ಯುದ್ಧಕಾಲದಲ್ಲಿ ಭಾರತದಲ್ಲಿ ತಯಾರಾದ ಸಾಮಾನುಗಳಲ್ಲಿ ಬಾಣದ ಜೊತೆ ‘ಐ’ ಅಕ್ಷರ ಸೇರಿರುವುದುಂಟು.

ಮುದ್ರೆ ಮಾಸಿದ್ದರೆ ಉಜ್ಜಬೇಡಿ. ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಮೇಲಿನಿಂದ ಬಿಡದೆ ಪಕ್ಕದಿಂದ, ಚರ್ಮದ ಮಟ್ಟಕ್ಕೆ ಹಿಡಿಯಿರಿ. ಒತ್ತಿದ ಅಕ್ಷರಗಳ ಅಂಚಿಗೆ ನೆರಳು ಬಿದ್ದು ಓದಲು ಬರುತ್ತದೆ. ಆಗಲೇ ಫೋಟೊ ತೆಗೆದುಕೊಳ್ಳಿ. ಕೈಬರಹದ ಹೆಸರು, ಸರ್ವಿಸ್ ನಂಬರ್ ಸಿಕ್ಕಿತೋ, ನನ್ನ ಮಟ್ಟಿಗೆ ಅದು ಟೋಪಿಗಿಂತ ದೊಡ್ಡ ಲಾಭ. ಯಾಕೆಂದರೆ ಒಂದೇ ಥರದ ಟೋಪಿಗಳು ರಾಶಿಗಟ್ಟಲೆ ತಯಾರಾಗಿದ್ದವು, ಆ ಹೆಸರಿನ ಟೋಪಿ ಒಂದೇ.

ನಕಲಿ ಎಲ್ಲಿ ಸಿಕ್ಕಿಬೀಳುತ್ತದೆ?

ನಕಲಿ ಎಂದ ಕೂಡಲೇ ಮೋಸ ಎಂದರ್ಥವಲ್ಲ. ಸಿನಿಮಾಕ್ಕೆ, ನಾಟಕಕ್ಕೆ, ಬುಲೆಟ್ ಓಡಿಸುವವರಿಗೆ ಇಂಥ ಟೋಪಿ ಈಗಲೂ ತಯಾರಾಗುತ್ತವೆ. ಇಪ್ಪತ್ತು ವರ್ಷ ಟ್ರಂಕಿನಲ್ಲಿ ಕೂತರೆ ಅವೂ ಹಳೆಯದಾಗಿಯೇ ಕಾಣುತ್ತವೆ.

ಜಿಪ್ಪಿನ ಹಲ್ಲು ಪ್ಲಾಸ್ಟಿಕ್ಕಿನದೇ? ಯುದ್ಧಕಾಲದ್ದಾಗಿದ್ದರೆ ಲೋಹದ್ದಿರಬೇಕು. ಪಟ್ಟಿಗೆ ಚರ್ರೆಂದು ಕೀಳುವ ವೆಲ್ಕ್ರೊ ಇದೆಯೇ? ವೆಲ್ಕ್ರೊಗೆ ಪೇಟೆಂಟ್ ಸಿಕ್ಕಿದ್ದೇ 1950ರ ದಶಕದಲ್ಲಿ. ಒಳಗೆ ಸ್ಪಂಜಿನಂಥ ಫೋಮ್ ಇದ್ದರೂ ಅನುಮಾನಪಡಿ. ಸವೆತ ಎಲ್ಲ ಕಡೆ ಒಂದೇ ಸಮ ಇದ್ದರಂತೂ ಖಂಡಿತ ಯೋಚಿಸಬೇಕು. ನಿಜವಾಗಿ ಬಳಸಿದ ಟೋಪಿಯಲ್ಲಿ ಹಣೆಯ ಅಂಚು ಬೆವರಿಗೆ ಕಪ್ಪಾಗಿರುತ್ತದೆ, ಗಲ್ಲದ ಪಟ್ಟಿಯ ಒಂದೇ ತೂತು ಅಗಲವಾಗಿರುತ್ತದೆ, ಗಾಗಲ್ ಪಟ್ಟಿಯ ಅಡಿಯ ಚರ್ಮಕ್ಕೆ ಬಣ್ಣ ಉಳಿದಿರುತ್ತದೆ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ನೋಟು ಅಸಲಿಯೋ ಎಂದು ನೋಡಲು ಅಂಗಡಿಗಳಲ್ಲಿ ಇಡುವ ನೇರಳೆ ಬೆಳಕಿನ ಟಾರ್ಚ್ ತಂದು ಹೊಲಿಗೆಯ ದಾರ, ಚೀಟಿಗಳ ಮೇಲೆ ಬಿಡಿ. ಬಟ್ಟೆಯನ್ನು ಬಿಳುಪಾಗಿ ತೋರಿಸುವ ರಾಸಾಯನಿಕಗಳು ಬಳಕೆಗೆ ಬಂದದ್ದು ಯುದ್ಧದ ನಂತರ. ಅವು ಈ ಬೆಳಕಿಗೆ ನೀಲಿಯಾಗಿ ಹೊಳೆಯುತ್ತವೆ. ದಾರ ಹೊಳೆದರೆ ಹೊಲಿಗೆ ಹೊಸದು ಎಂಬ ಅನುಮಾನ ಬಲವಾಗುತ್ತದೆ. ಆದರೆ ಯಾರಾದರೂ ಸೋಪಿನ ಪುಡಿ ಹಾಕಿ ತೊಳೆದಿದ್ದರೆ ಹಳೇ ದಾರವೂ ಹೊಳೆಯುತ್ತದೆ, ಇದು ನೆನಪಿರಲಿ.

ಚರ್ಮ ಯಾಕೆ ಹಾಳಾಗುತ್ತದೆ?

ಚರ್ಮ ಎಂದರೆ ಒಂದಕ್ಕೊಂದು ಹೆಣೆದುಕೊಂಡ ಸಣ್ಣ ನಾರುಗಳು. ತೆಂಗಿನ ನಾರಿನ ಹಗ್ಗವನ್ನು ನೆನಪಿಸಿಕೊಳ್ಳಿ. ಪಸೆ ಇರುವಾಗ ಎಳೆಗಳು ಒಂದರ ಮೇಲೊಂದು ಜಾರಿ ಹಗ್ಗ ಬಾಗುತ್ತದೆ. ವರ್ಷಗಟ್ಟಲೆ ಬಿಸಿಲಲ್ಲಿ ಒಣಗಿದ ಹಗ್ಗವನ್ನು ಮಡಚಿದರೆ ಎಳೆ ಮುರಿಯುತ್ತದೆ. ಮುರಿದ ಎಳೆಗೆ ಆಮೇಲೆ ಎಷ್ಟು ಎಣ್ಣೆ ಸುರಿದರೂ ಅದು ಕೂಡಿಕೊಳ್ಳುವುದಿಲ್ಲ. ಗಟ್ಟಿಯಾದ ಟೋಪಿಯ ಕಿವಿಯನ್ನು ಬಿಡಿಸಿ ನೋಡಲು ಹೋಗಬಾರದು ಎನ್ನುವುದು ಇದಕ್ಕೆ.

ಎಣ್ಣೆಯಿಂದ ಇನ್ನೂ ತೊಂದರೆ ಇದೆ. ಅದು ಧೂಳು ಹಿಡಿಯುತ್ತದೆ, ಬಣ್ಣ ಕಪ್ಪಾಗಿಸುತ್ತದೆ, ಹೊಲಿಗೆ ದಾರಕ್ಕೆ ಇಳಿಯುತ್ತದೆ, ಮಳೆಗಾಲದಲ್ಲಿ ಬೂಷ್ಟಿಗೆ ಊಟವಾಗುತ್ತದೆ. ಹಿಂದೆ ಮ್ಯೂಸಿಯಂಗಳೂ ಎಣ್ಣೆ ಸವರುತ್ತಿದ್ದವು. ಈಗ ತಜ್ಞರು ಅದನ್ನು ಬಿಟ್ಟಿದ್ದಾರೆ.

ಚರ್ಮ ಹದ ಮಾಡುವುದರಲ್ಲಿ ಎರಡು ಮುಖ್ಯ ವಿಧಾನ. ಒಂದು ಮರದ ತೊಗಟೆಯ ಒಗರಿನಿಂದ, ಇನ್ನೊಂದು ಕ್ರೋಮಿಯಂ ಉಪ್ಪಿನಿಂದ. ನಮ್ಮ ಬಯಲುಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ಇದೆಯಲ್ಲ, ಅದರ ತೊಗಟೆಯಲ್ಲಿ ಹದ ಮಾಡಿದ ಚರ್ಮ ಒಂದು ಕಾಲಕ್ಕೆ ದಕ್ಷಿಣ ಭಾರತದಿಂದ ಬ್ರಿಟನ್ನಿಗೆ ಹಡಗುಗಟ್ಟಲೆ ಹೋಗುತ್ತಿತ್ತು. ತೊಗಟೆಯಿಂದ ಹದ ಮಾಡಿದ ಚರ್ಮಕ್ಕೆ ಒಂದು ಕಾಯಿಲೆ ಇದೆ. ಹೊಗೆ, ಗಾಳಿಯಲ್ಲಿನ ಗಂಧಕದ ಅಂಶ ಸೇರಿ ಒಳಗೇ ಆಮ್ಲವಾಗುತ್ತದೆ. ಚರ್ಮ ಕೆಂಪು ಪುಡಿಯಾಗಿ ಉದುರುತ್ತದೆ. ಬಿಳಿ ಬಟ್ಟೆಯ ಮೇಲೆ ಟೋಪಿ ಇಟ್ಟು ಎತ್ತಿದಾಗ ಕೆಂಪು ಪುಡಿ ಉಳಿದರೆ ಇದೇ ಕಾಯಿಲೆ. ವಾಸಿಯಾಗುವುದಿಲ್ಲ. ಇನ್ನಷ್ಟು ಉದುರದಂತೆ ತಡೆಯುವುದು ತಜ್ಞರಿಗೆ ಗೊತ್ತು. ನೀವು ಮಾಡಬೇಕಾದದ್ದು ಮುಟ್ಟದೇ ಇರುವುದು.

ಬೂಷ್ಟೋ, ಮೇಣವೋ?

ಚರ್ಮದ ಮೇಲೆ ಬಿಳಿ ಪದರ ಕಂಡರೆ ಎಲ್ಲರೂ ಬೂಷ್ಟು ಎನ್ನುತ್ತಾರೆ. ಕೆಲವು ಸಲ ಅದು ಚರ್ಮದೊಳಗಿನ ಕೊಬ್ಬು ಹೊರಬಂದು ಹೆಪ್ಪುಗಟ್ಟಿದ್ದು. ಸೂಜಿ ತುದಿಯಲ್ಲಿ ಒಂದು ಚೂರು ತೆಗೆದು ಸ್ಟೀಲ್ ಚಮಚದ ಮೇಲಿಡಿ. ಚಮಚವನ್ನು ಅಡಿಯಿಂದ ಸ್ವಲ್ಪ ಬಿಸಿ ಮಾಡಿ. ಕರಗಿ ಎಣ್ಣೆಯ ಚುಕ್ಕಿಯಾದರೆ ಕೊಬ್ಬು. ಕರಗದೆ ಹಾಗೇ ಕೂತರೆ ಬೂಷ್ಟು.

ಕೊಬ್ಬಿಗೆ ಮೆತ್ತನೆಯ ಒಣ ಬಟ್ಟೆ ಸಾಕು. ಬೂಷ್ಟಾದರೆ ಮೂಗಿಗೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ನೆರಳಿನಲ್ಲಿ ಮೃದುವಾದ ಪೇಂಟಿಂಗ್ ಬ್ರಷ್‌ನಿಂದ ಕೊಡವಿ. ಬಿಸಿಲಿಗೆ ಇಡಬೇಡಿ, ಚರ್ಮ ಸೆಟೆದುಕೊಳ್ಳುತ್ತದೆ.

ಟಿಚ್ ಬಟನ್, ಬಕಲ್‌ಗಳ ಸುತ್ತ ಹಸಿರು ಮೇಣದಂಥ ಕಿಲುಬು ಕಾಣುತ್ತದೆ. ಹಿತ್ತಾಳೆಯಲ್ಲಿರುವ ತಾಮ್ರಕ್ಕೂ ಚರ್ಮದ ಕೊಬ್ಬಿಗೂ ಸೇರಿ ಆಗುವುದು ಅದು. ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯಬಹುದು. ಹುಣಸೆಹಣ್ಣು, ಪೀತಾಂಬರಿ ಪುಡಿ ಹತ್ತಿರ ತರಬೇಡಿ. ಅದರ ರಸ ಚರ್ಮಕ್ಕೆ ಇಳಿದರೆ ಕಲೆ ಹೋಗುವುದಿಲ್ಲ.

ರಬ್ಬರ್ ಬಟ್ಟಲುಗಳದ್ದು ಬೇರೆ ಕಥೆ. ಹಳೇ ರಬ್ಬರ್ ಒಂದೋ ಕಲ್ಲಾಗುತ್ತದೆ, ಇಲ್ಲ ಅಂಟಂಟಾಗುತ್ತದೆ. ಅಂಟಾಗಿದ್ದರೆ ಅದು ಚರ್ಮಕ್ಕೆ ತಾಗದಂತೆ ನಡುವೆ ಬೆಣ್ಣೆ ಕಾಗದ ಇಡಿ. ಕಿತ್ತು ಬೇರೆ ಮಾಡಲು ಹೋಗಬೇಡಿ.

ಮನೆಯಲ್ಲಿ ಇಡುವುದು ಎಲ್ಲಿ?

ಗಾಳಿಯ ತೇವಾಂಶ ನೂರಕ್ಕೆ 45ರಿಂದ 55ರ ಆಸುಪಾಸಿನಲ್ಲಿದ್ದರೆ ಚರ್ಮಕ್ಕೆ ಹಿತ. 65 ದಾಟಿದರೆ ಬೂಷ್ಟಿಗೆ ಹಬ್ಬ. ಮೈಸೂರು, ಮಂಡ್ಯದ ಮಳೆಗಾಲದಲ್ಲಿ ಅದು ಸುಲಭವಾಗಿ ದಾಟುತ್ತದೆ. ನಾಲೆ ಬಯಲಿನ ಊರುಗಳಲ್ಲಂತೂ ಗೋಡೆಯೇ ತೇವ. ತೇವಾಂಶ ತೋರಿಸುವ ಸಣ್ಣ ಮೀಟರ್ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಒಂದನ್ನು ಬೀರುವಿನಲ್ಲಿಡಿ.

ಟೋಪಿಯ ಒಳಗೆ ಆಕಾರ ಉಳಿಯಲು ಏನಾದರೂ ತುಂಬಬೇಕು. ನ್ಯೂಸ್ ಪೇಪರ್ ಬೇಡ, ಅದರಲ್ಲಿ ಆಮ್ಲ ಇದೆ, ಶಾಯಿಯೂ ಹತ್ತುತ್ತದೆ. ಗಂಜಿ ಹಾಕದೆ ಒಗೆದು ಒಣಗಿಸಿದ ಹಳೇ ಬಿಳಿ ಪಂಚೆಯನ್ನು ಉಂಡೆ ಮಾಡಿ ಸಡಿಲವಾಗಿ ತುಂಬಿ. ಬಿಗಿಯಾಗಿ ತುರುಕಿದರೆ ಹೊಲಿಗೆ ಬಿಡುತ್ತದೆ. ಮೊಳೆಗೆ ನೇತುಹಾಕಬೇಡಿ. ಕಿಟಕಿ ಪಕ್ಕದ ಶೋಕೇಸೂ ಬೇಡ. ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ, ಹೊರಗೋಡೆಗೆ ತಾಗದ ಬೀರುವಿನ ನಡು ಅರೆಯಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ನುಸಿ ಗುಳಿಗೆಯ ಹೊಗೆ ನಿಮಗೂ ಒಳ್ಳೆಯದಲ್ಲ, ರಬ್ಬರಿಗೂ ಒಳ್ಳೆಯದಲ್ಲ.

ಹುಳ ಬಿದ್ದಿದ್ದರೆ ಮಾತ್ರ ಪ್ಲಾಸ್ಟಿಕ್ ಕವರ್ ಬೇಕು. ಗಾಳಿ ತೆಗೆದು ಗಟ್ಟಿಯಾಗಿ ಮುಚ್ಚಿ, ಫ್ರಿಜ್ಜಿನ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡುತ್ತಾರೆ. ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬಾರದು. ತಣ್ಣಗಿರುವ ಚರ್ಮದ ಮೇಲೆ ಹೊರಗಿನ ತೇವ ಹನಿಗಟ್ಟುತ್ತದೆ. ಆ ಹೊತ್ತಿನಲ್ಲಿ ಅದನ್ನು ಬಗ್ಗಿಸಲೂಬಾರದು.

ಮಾರಾಟ, ಕಾನೂನು, ತಜ್ಞರು

1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪುರಾತನ ಎನಿಸಿಕೊಳ್ಳಲು ಸಾಮಾನ್ಯವಾಗಿ ನೂರು ವರ್ಷ ತುಂಬಿರಬೇಕು. ಎರಡನೇ ಮಹಾಯುದ್ಧದ ಟೋಪಿಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ. ಬೆಲೆಯ ಮಾತಿಗೆ ಬಂದರೆ, ಬಟ್ಟಲು, ತಂತಿ, ಪಟ್ಟಿ ಎಲ್ಲ ಮೂಲದ್ದೇ ಇದ್ದು, ಯಾರದೆಂದು ಹೇಳುವ ಕಾಗದವೋ ಫೋಟೊವೋ ಜೊತೆಗಿದ್ದರೆ ಜಾಸ್ತಿ. ಚಪ್ಪಲಿ ಹೊಲಿಯುವವರ ಹತ್ತಿರ ಕೊಟ್ಟು ಹೊಸ ದಾರ ಹಾಕಿಸಿ, ಬಣ್ಣ ಬಳಿಸಿದ್ದರೆ ಕಡಿಮೆ. ಹಾಗಾಗಿ ಮಾರುವ ಯೋಚನೆ ಇದ್ದವರೂ ರಿಪೇರಿ ಮಾಡಿಸದಿರುವುದೇ ಲೇಸು.

ಟೋಪಿ ಉದುರುತ್ತಿದ್ದರೆ ದೂರ ಹೋಗಬೇಕಿಲ್ಲ. ಲಕ್ನೋದಲ್ಲಿರುವ ಕೇಂದ್ರ ಸರ್ಕಾರದ ಸಂರಕ್ಷಣಾ ಪ್ರಯೋಗಾಲಯಕ್ಕೆ ಮೈಸೂರಿನಲ್ಲೇ ಪ್ರಾದೇಶಿಕ ಶಾಖೆ ಇದೆ. ಹಳೇ ವಸ್ತುಗಳನ್ನು ಉಳಿಸುವುದೇ ಅದರ ಕೆಲಸ. ಯಾವ ಮಾದರಿ ಎಂದು ಹೋಲಿಸಿ ನೋಡಬೇಕೆಂದರೆ ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯವನ್ನೋ ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಮ್ಯೂಸಿಯಂ ಅನ್ನೋ ಕೇಳಬಹುದು. ಹೋಗುವಾಗ ಟೋಪಿ ಹೊತ್ತುಕೊಂಡು ಹೋಗಬೇಡಿ. ಮುಂದೆ, ಹಿಂದೆ, ಎರಡೂ ಕಿವಿ, ಒಳಗಿನ ಮುದ್ರೆ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೊಗಳು ಸಾಕು. ಜೊತೆಗೆ ಒಂದು ಹಾಳೆಯಲ್ಲಿ ಅದು ಯಾವ ಟ್ರಂಕಿನಲ್ಲಿ, ಯಾವ ಸಾಮಾನಿನ ಜೊತೆ ಸಿಕ್ಕಿತು, ಅಜ್ಜಿಗೋ ದೊಡ್ಡಪ್ಪನಿಗೋ ಅದರ ಬಗ್ಗೆ ಏನು ಗೊತ್ತು ಎಂದು ಬರೆದುಕೊಂಡು ಹೋಗಿ. ಅಲ್ಲಿ ಮೊದಲು ಕೇಳುವುದು ಅದನ್ನೇ.